ಡಬಲ್ಸ್ ಸೋತವರ ಆಶ್ರಯವಲ್ಲ

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ರೋಹನ್ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಸೇರಿ ಇಟಲಿಯ ಸಿಮೋನೆ ಬೊಲೆಲ್ಲಿ, ಆಂದ್ರೆಯಾ ವಾವಸ್ಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಮೊದಲ ಸೆಟ್ಟಿನ ಟೈಬ್ರೇಕ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ದಕ್ಕಲಿಲ್ಲ. ಕೊಡಗಿನ ಕಾಫಿ ಬೆಳೆಗಾರರ ಮನೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಈ ಆಟಗಾರನಿಗೆ ಆಗ 43 ವರ್ಷ. ಅದೇ ವಾರ ಡಬಲ್ಸ್‌ನ ವಿಶ್ವದ ನಂಬರ್ 1 ಸ್ಥಾನವೂ ಅವರದಾಯಿತು. ಮಾರನೆಯ ದಿನ ಭಾನುವಾರ. ಬೆಂಗಳೂರಿನ ಜ್ಞಾನಭಾರತಿಯ ಮರಗಳ ನಡುವಿನ ರಸ್ತೆಗಳಲ್ಲಿ ವಾಕಿಂಗ್‌ಗೆ ಬಂದವರ ಬಾಯಲ್ಲೂ ಇದೇ ಸುದ್ದಿ. ಹೆಮ್ಮೆಯಿತ್ತು, ಸಂತೋಷವಿತ್ತು. ಬೆನ್ನಿಗೇ ಇನ್ನೊಂದು ಮಾತೂ ಬರುತ್ತಿತ್ತು: ಎಷ್ಟಾದರೂ ಡಬಲ್ಸ್ ತಾನೇ? ಸಿಂಗಲ್ಸ್‌ನಲ್ಲಿ ಇವರು ಎಲ್ಲಿದ್ದರು?

ಸಿಂಗಲ್ಸ್‌ನಲ್ಲಿ ಬೋಪಣ್ಣ ಏರಿದ ಅತಿ ಎತ್ತರ 213ನೇ ಸ್ಥಾನ, 2007ರಲ್ಲಿ. ಇದನ್ನು ಮುಚ್ಚಿಡಬೇಕಾದ ಗರಜಿಲ್ಲ. ಆದರೆ ಈ 213 ಎಂಬ ಸಂಖ್ಯೆಯನ್ನು ಮುಂದಿಟ್ಟುಕೊಂಡು ಆ ನಂಬರ್ 1 ಸ್ಥಾನವನ್ನು ಅಳೆಯುವುದಿದೆಯಲ್ಲ, ಅದು ತಪ್ಪು. ಸಿಂಗಲ್ಸ್ ಆಡಲಾಗದವರು ಹೊಟ್ಟೆಪಾಡಿಗೆ ಹಿಡಿಯುವ ದಾರಿಯೇ ಡಬಲ್ಸ್, ಅದು ಟೆನಿಸ್‌ನ ಎರಡನೇ ದರ್ಜೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ ಕೋಚ್‌ಗಳು, ವರದಿಗಾರರು, ಅಪ್ಪ ಅಮ್ಮಂದಿರು ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಆಟದ ಅಂಗಳದಲ್ಲಿ ನಡೆದದ್ದನ್ನು ನೋಡಿದರೆ ಆ ನಂಬಿಕೆಗೆ ನಿಲ್ಲಲು ನೆಲವೇ ಇಲ್ಲ.

ಈ ಅನ್ಯಾಯ ಬೋಪಣ್ಣ ಅವರಿಂದ ಶುರುವಾದದ್ದಲ್ಲ. ನೂರು ವರ್ಷಕ್ಕೂ ಹಿಂದೆ, 1892ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಹುಟ್ಟಿದ ಎಲಿಜಬೆತ್ ರಯಾನ್ ಎಂಬಾಕೆಯ ಬದುಕನ್ನು ನೋಡಿ. ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದ ರಯಾನ್ 1914ರಲ್ಲಿ ಅಗಾಥಾ ಮಾರ್ಟನ್ ಜೊತೆ ವಿಂಬಲ್ಡನ್ ಮಹಿಳಾ ಡಬಲ್ಸ್ ಗೆದ್ದರು. ಅಷ್ಟರಲ್ಲಿ ಮಹಾಯುದ್ಧ ಬಂತು, ನಾಲ್ಕು ವರ್ಷ ವಿಂಬಲ್ಡನ್ ನಡೆಯಲೇ ಇಲ್ಲ. ಯುದ್ಧ ಮುಗಿದ ಮೇಲೆ 1919ರಿಂದ 1923ರವರೆಗೆ ಸತತ ಐದು ವರ್ಷ, ಮತ್ತೆ 1925ರಲ್ಲಿ, ಫ್ರಾನ್ಸಿನ ಸೂಸಾನ್ ಲೆಂಗ್ಲೆನ್ ಜೊತೆ ಗೆದ್ದರು. 1926ರಲ್ಲಿ ಲೆಂಗ್ಲೆನ್ ತಮ್ಮ ದೇಶದವಳೇ ಆದ ದಿದಿ ವ್ಲಾಸ್ತೋ ಜೊತೆ ಆಡಬೇಕಾಗಿ ಬಂತು. ರಯಾನ್ ಮೇರಿ ಬ್ರೌನ್ ಜೊತೆ ನಿಂತು ಅದೇ ಲೆಂಗ್ಲೆನ್ ಜೋಡಿಯನ್ನು ಸೋಲಿಸಿ ಪ್ರಶಸ್ತಿಯನ್ನೂ ಗೆದ್ದರು. ಮುಂದೆ ಹೆಲೆನ್ ವಿಲ್ಸ್ ಜೊತೆ ಎರಡು, ಸಿಮೋನ್ ಮಾಥ್ಯೂ ಜೊತೆ ಎರಡು. ಒಟ್ಟು ಹನ್ನೆರಡು. ಮಿಶ್ರ ಡಬಲ್ಸ್‌ನಲ್ಲಿ ಇನ್ನೂ ಏಳು, ಅವೂ ಐದು ಬೇರೆ ಬೇರೆ ಜೊತೆಗಾರರೊಡನೆ. 1914ರಿಂದ 1934ರವರೆಗೆ ವಿಂಬಲ್ಡನ್‌ನಲ್ಲೇ 19 ಪ್ರಶಸ್ತಿ.

ಇಷ್ಟಿದ್ದೂ ರಯಾನ್ ಬಗ್ಗೆ ಬರೆದವರು ಮರೆಯದೆ ಸೇರಿಸುವ ಸಾಲು ಒಂದೇ: ಆಕೆಗೆ ದೊಡ್ಡ ಸಿಂಗಲ್ಸ್ ಪ್ರಶಸ್ತಿ ಒಂದೂ ದಕ್ಕಲಿಲ್ಲ. 1921 ಮತ್ತು 1930ರ ವಿಂಬಲ್ಡನ್ ಸಿಂಗಲ್ಸ್ ಫೈನಲ್‌ಗಳನ್ನು ಆಕೆ ಸೋತದ್ದು ನಿಜ. 1926ರ ಅಮೆರಿಕದ ಫೈನಲ್‌ನಲ್ಲಿ ಮೋಲಾ ಮಲೋರಿ ವಿರುದ್ಧ ಕೊನೆಯ ಸೆಟ್‌ನಲ್ಲಿ 4-0 ಮುಂದಿದ್ದು ಸೋತದ್ದೂ ನಿಜ. ಅಂದರೆ ಸಿಂಗಲ್ಸ್ ಬಾರದವರೇನೂ ಅವರಾಗಿರಲಿಲ್ಲ. ಆದರೂ ಮೂರು ಸೋಲುಗಳ ನೆರಳಲ್ಲಿ ಹತ್ತೊಂಬತ್ತು ಗೆಲುವುಗಳನ್ನು ಇಟ್ಟು ನೋಡುವ ಪರಿಪಾಠ ಆಗಲೇ ಬಿದ್ದುಹೋಗಿತ್ತು.

ಜೊತೆಗಾರ್ತಿಯರು ಬಲಶಾಲಿಗಳಾಗಿದ್ದರಿಂದ ಆಕೆ ಗೆದ್ದರು ಎನ್ನುವವರೂ ಇದ್ದಾರೆ. ಲೆಂಗ್ಲೆನ್ ಇದ್ದಾಗ ಗೆದ್ದರು, ಲೆಂಗ್ಲೆನ್ ಎದುರಿಗಿದ್ದಾಗಲೂ ಗೆದ್ದರು. ಮಾರ್ಟನ್‌ನಿಂದ ಮಾಥ್ಯೂವರೆಗೆ ಐವರು ಮಹಿಳೆಯರು, ಐವರು ಪುರುಷರು ಬದಲಾದರು. ಬದಲಾಗದೆ ಉಳಿದವರು ರಯಾನ್ ಒಬ್ಬರೇ. ಆ 19ರ ದಾಖಲೆಯನ್ನು ಮುಟ್ಟಲು ಬಿಲ್ಲಿ ಜೀನ್ ಕಿಂಗ್ 1975ರವರೆಗೆ ಆಡಬೇಕಾಯಿತು. ದಾಟಿದ್ದು 1979ರ ಜುಲೈ 7ರಂದು, ಅದೂ ಡಬಲ್ಸ್‌ನಲ್ಲೇ, ಮಾರ್ಟಿನಾ ನವ್ರಾಟಿಲೋವಾ ಜೊತೆ. ಅದರ ಹಿಂದಿನ ದಿನ, 87ನೇ ವಯಸ್ಸಿನಲ್ಲಿ, ವಿಂಬಲ್ಡನ್‌ನಲ್ಲೇ ಕುಸಿದು ರಯಾನ್ ತೀರಿಕೊಂಡಿದ್ದರು. ನಾಲ್ಕು ದಶಕ ಉಳಿದ ದಾಖಲೆಯ ಒಡತಿ. ಟೆನಿಸ್ ಅಂದರೆ ಜೀವ ಬಿಡುವ ಎಷ್ಟು ಜನಕ್ಕೆ ಆಕೆಯ ಹೆಸರು ಗೊತ್ತು? ಲೆಂಗ್ಲೆನ್ ಹೆಸರಿನ ಕೋರ್ಟ್ ಪ್ಯಾರಿಸ್‌ನಲ್ಲಿದೆ. ಅದು ಸರಿಯೇ, ಲೆಂಗ್ಲೆನ್ ಅಂಥ ಆಟಗಾರ್ತಿ. ಆದರೆ ಆಕೆಯ ಆರು ವಿಂಬಲ್ಡನ್ ಮಹಿಳಾ ಡಬಲ್ಸ್ ಪ್ರಶಸ್ತಿಗಳಲ್ಲಿ ಅರ್ಧ ಪಾಲು ಇನ್ನೊಬ್ಬಳದು ಎಂಬುದು ನೆನಪಿನಿಂದ ಅಳಿಸಿಹೋಗಿದೆ.

ಇನ್ನು ಆಟದ ವಿಚಾರಕ್ಕೆ ಬರೋಣ. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ, ಡಬಲ್ಸ್‌ನದು 36 ಅಡಿ. ಎರಡೂ ಬದಿಗೆ ನಾಲ್ಕೂವರೆ ಅಡಿಯ ಪಟ್ಟಿ ಸೇರಿದಾಗ ಇಡೀ ಆಟದ ಲೆಕ್ಕವೇ ಬದಲಾಗುತ್ತದೆ. ಸಿಂಗಲ್ಸ್‌ನಲ್ಲಿ ಸರ್ವ್ ಅನ್ನು ಕೋರ್ಟಿನ ನಡುವಿಗೆ ಆಳವಾಗಿ ಹಿಂತಿರುಗಿಸಿದರೆ ಅದು ಒಳ್ಳೆಯ ಹೊಡೆತ. ಡಬಲ್ಸ್‌ನಲ್ಲಿ ಅದೇ ಹೊಡೆತ ನೆಟ್ ಬಳಿ ನಿಂತವನ ರಾಕೆಟ್ಟಿಗೆ ನೇರ ಸಿಗುತ್ತದೆ, ಪಾಯಿಂಟ್ ಅಲ್ಲಿಗೇ ಮುಗಿಯಿತು. ಹಾಗಾಗಿ ರಿಟರ್ನ್ ಕೆಳಗೆ, ಅಡ್ಡಕ್ಕೆ, ಸರ್ವ್ ಮಾಡಿ ಓಡಿಬರುತ್ತಿರುವವನ ಕಾಲ ಬುಡಕ್ಕೆ ಬೀಳಬೇಕು. ಎದುರು ನಿಂತವನು ಯಾವ ಕ್ಷಣ ಅಡ್ಡ ಹಾರಿ ಚೆಂಡನ್ನು ಕಸಿಯುತ್ತಾನೋ ಗೊತ್ತಿಲ್ಲ. ಅವನು ಬೆನ್ನ ಹಿಂದೆ ಬೆರಳಿನ ಸನ್ನೆಯಲ್ಲಿ ಜೊತೆಗಾರನಿಗೆ ಆಗಲೇ ಹೇಳಿಯಾಗಿದೆ: ಹಾರುತ್ತೇನೆ, ಅಥವಾ ಹಾರುವಂತೆ ನಟಿಸಿ ನಿಲ್ಲುತ್ತೇನೆ. ಒಬ್ಬ ಹಾರಿದರೆ ಇನ್ನೊಬ್ಬ ಅವನು ಬಿಟ್ಟ ಜಾಗಕ್ಕೆ ಅದೇ ಹೊತ್ತಿಗೆ ಜರುಗಬೇಕು. ನಾಲ್ವರೂ ನೆಟ್ಟಿನ ಹತ್ತಿರ ಬಂದು ವಾಲಿ ಮಾಡತೊಡಗಿದರೆ ಯೋಚಿಸಲು ಸಮಯವೇ ಇರುವುದಿಲ್ಲ. ಕೈಗೆ ಗೊತ್ತಿರಬೇಕು, ಅಷ್ಟೇ. ಹಿಂದಿನ ಗೆರೆಯಲ್ಲಿ ನಿಂತು ಇಪ್ಪತ್ತೈದು ಹೊಡೆತಗಳ ರ್‍ಯಾಲಿ ಆಡುವ ಶಕ್ತಿ ಒಂದು ವಿದ್ಯೆ. ಇದು ಇನ್ನೊಂದು ವಿದ್ಯೆ.

ಪುರಾವೆ ಬೇಕೆನ್ನುವವರು 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಲಿ. ಬೋಪಣ್ಣ ಅವರ ಜೊತೆಗಾರ ಎಬ್ಡೆನ್‌ಗೆ ಅಲ್ಲಿ ಅನಿರೀಕ್ಷಿತವಾಗಿ ಸಿಂಗಲ್ಸ್‌ನಲ್ಲೂ ಆಡುವ ಅವಕಾಶ ಸಿಕ್ಕಿತು, ಮೊದಲ ಸುತ್ತಿನಲ್ಲೇ ಎದುರಾದವರು ನೊವಾಕ್ ಜೊಕೊವಿಚ್. ಫಲಿತಾಂಶ 6-0, 6-1. ಡಬಲ್ಸ್ ಎರಡನೇ ದರ್ಜೆ ಎನ್ನುವವರು ಆ ದಿನ ನಕ್ಕಿರಬಹುದು. ಅದೇ ಎಬ್ಡೆನ್ ಅದೇ ಅಂಗಳದಲ್ಲಿ, ಕೆಲವೇ ದಿನಗಳಲ್ಲಿ, ಜಾನ್ ಪಿಯರ್ಸ್ ಜೊತೆ ಆಡಿ ಡಬಲ್ಸ್ ಚಿನ್ನ ಗೆದ್ದರು. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಆಸ್ಟಿನ್ ಕ್ರೈಚೆಕ್ ಮತ್ತು ರಾಜೀವ್ ರಾಮ್ ಅವರನ್ನು. ಆ ಕ್ರೈಚೆಕ್–ರಾಮ್ ಜೋಡಿ ಕ್ವಾರ್ಟರ್ ಫೈನಲ್‌ನಲ್ಲಿ ಯಾರನ್ನು ಮನೆಗೆ ಕಳಿಸಿತ್ತು? ರಫೇಲ್ ನಡಾಲ್ ಮತ್ತು ಕಾರ್ಲೋಸ್ ಅಲ್ಕರಾಜ್ ಅವರನ್ನು, 6-2, 6-4ರಿಂದ. ಪ್ಯಾರಿಸ್‌ನ ಮಣ್ಣಿನಲ್ಲಿ ಹದಿನಾಲ್ಕು ಸಲ ಫ್ರೆಂಚ್ ಓಪನ್ ಗೆದ್ದವನು ಒಂದು ಕಡೆ, ಅದೇ ವರ್ಷ ಅಲ್ಲಿ ಗೆದ್ದವನು ಇನ್ನೊಂದು ಕಡೆ. ಸಿಂಗಲ್ಸ್‌ನ ಬಲವನ್ನು ಎರಡರಿಂದ ಗುಣಿಸಿದರೆ ಡಬಲ್ಸ್ ಬಂದುಬಿಡುತ್ತದೆ ಎಂಬ ಲೆಕ್ಕ ಅಲ್ಲಿ ನೆಲಕಚ್ಚಿತು.

ಎದುರು ಪಕ್ಷದ ಬಲವಾದ ವಾದವನ್ನೂ ಎತ್ತಿಕೊಳ್ಳಬೇಕು. ದೊಡ್ಡ ಸಿಂಗಲ್ಸ್ ಆಟಗಾರರು ಡಬಲ್ಸ್ ಆಡುವುದಿಲ್ಲ, ಮನಸ್ಸು ಮಾಡಿ ಆಡಿದರೆ ಅವರೇ ಗೆಲ್ಲುತ್ತಾರೆ ಎನ್ನುತ್ತಾರೆ. ಜಾನ್ ಮೆಕೆನ್ರೋ ಅವರನ್ನು ಉದಾಹರಿಸುತ್ತಾರೆ: ಏಳು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್, ಒಂಬತ್ತು ಡಬಲ್ಸ್. ಒಪ್ಪೋಣ. ಎರಡೂ ವಿದ್ಯೆ ಬಲ್ಲವರು ಇದ್ದಾರೆ. ಇಪ್ಪತ್ತನೇ ಶತಮಾನ ಕಣ್ತೆರೆಯುವ ಹೊತ್ತಿನಲ್ಲಿ ಇಂಗ್ಲೆಂಡಿನ ಡೊಹರ್ಟಿ ಸೋದರರು ಜೊತೆಯಾಗಿ ಎಂಟು ಸಲ ವಿಂಬಲ್ಡನ್ ಡಬಲ್ಸ್ ಗೆದ್ದರು, ಸಿಂಗಲ್ಸ್‌ನಲ್ಲಿ ಅಣ್ಣ ನಾಲ್ಕು, ತಮ್ಮ ಐದು. ಜಾನ್ ನ್ಯೂಕೋಂಬ್ ಕೂಡ ಹಾಗೆಯೇ. ಆದರೆ ಇವರೆಲ್ಲ ಡಬಲ್ಸ್‌ನಲ್ಲಿ ಗೆದ್ದದ್ದು ಅದನ್ನು ಬಿಡುವಿನ ಆಟವೆಂದು ಬಗೆದಿದ್ದರಿಂದ ಅಲ್ಲ, ವರ್ಷಗಟ್ಟಲೆ ಅದೇ ಜೊತೆಗಾರನೊಂದಿಗೆ ಅದನ್ನು ರೂಢಿಸಿಕೊಂಡಿದ್ದರಿಂದ. ಇಂದಿನವರು ಅದನ್ನು ಬಿಟ್ಟಿದ್ದಕ್ಕೆ ಕಾರಣ ಹಣ ಮತ್ತು ದಣಿವು. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವನಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬೋಪಣ್ಣ ಮತ್ತು ಎಬ್ಡೆನ್‌ಗೆ ಇಬ್ಬರಿಗೂ ಸೇರಿ 7.3 ಲಕ್ಷ. ಒಬ್ಬೊಬ್ಬರ ಪಾಲು ಸಿಂಗಲ್ಸ್ ವಿಜೇತನ ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗೆ ಹಂಚಿದವರು ಸಂಘಟಕರು. ಹಣ ಕಡಿಮೆ ಇಟ್ಟು, ಮೂಲೆಯ ಕೋರ್ಟಿನಲ್ಲಿ ಆಡಿಸಿ, ಟಿವಿಯಲ್ಲಿ ತೋರಿಸದೆ, ಆಮೇಲೆ ಯಾರೂ ನೋಡುವುದಿಲ್ಲ ಆದ್ದರಿಂದ ಇದು ಕೆಳದರ್ಜೆ ಎನ್ನುವುದು ಯಾವ ನ್ಯಾಯ?

2025ರ ಆಗಸ್ಟ್‌ನಲ್ಲಿ ಅಮೆರಿಕನ್ ಓಪನ್ ಈ ನಂಬಿಕೆಯನ್ನೇ ಟೂರ್ನಿಯ ನಿಯಮ ಮಾಡಿತು. ಮಿಶ್ರ ಡಬಲ್ಸ್ ಅನ್ನು 16 ಜೋಡಿಗೆ ಇಳಿಸಿ, ಅರ್ಧದಷ್ಟು ಜಾಗವನ್ನು ಸಿಂಗಲ್ಸ್ ರ್‍ಯಾಂಕಿಂಗ್ ನೋಡಿ ಕೊಟ್ಟು, ಗೆದ್ದ ಜೋಡಿಗೆ 10 ಲಕ್ಷ ಡಾಲರ್ ಇಟ್ಟರು. ಡಬಲ್ಸ್ ಆಡಿಯೇ ಬದುಕುವವರಿಗೆ ಬಹುಪಾಲು ಬಾಗಿಲು ಮುಚ್ಚಿತು. ಹಿಂದಿನ ವರ್ಷದ ವಿಜೇತರೆಂಬ ಕಾರಣಕ್ಕೆ ಇಟಲಿಯ ಸಾರಾ ಎರ್ರಾನಿ ಮತ್ತು ವಾವಸ್ಸೋರಿ ಒಳಬಂದರು. ಹೌದು, ಮೆಲ್ಬರ್ನ್‌ನಲ್ಲಿ ಬೋಪಣ್ಣ ಎದುರು ಸೋತ ಅದೇ ವಾವಸ್ಸೋರಿ. ತಾರೆಯರ ನಡುವೆ ನುಗ್ಗಿ, ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು ಸೋಲಿಸಿ ಪ್ರಶಸ್ತಿ ಉಳಿಸಿಕೊಂಡವರು ಅವರಿಬ್ಬರೇ. ಮನಸ್ಸು ಮಾಡಿದರೆ ಸಾಕು ಎನ್ನುವವರು ಅಲ್ಲಿ ಮನಸ್ಸು ಮಾಡಿಯೇ ಬಂದಿದ್ದರು.

43ರಲ್ಲಿ ಗೆಲ್ಲಬಹುದಾದರೆ ಅದು ಸುಲಭದ ಆಟವಿರಬೇಕು ಎಂಬ ಮಾತು ನನಗೆ ಅತ್ಯಂತ ಅಸಹನೀಯ. ಡಬಲ್ಸ್‌ನಲ್ಲಿ ಓಟ ಕಡಿಮೆ, ನಿಜ. ಸುಲಭವೇ ಆಗಿದ್ದರೆ ನಲವತ್ತು ದಾಟಿದವರು ಸಾಲುಗಟ್ಟಿ ಗೆಲ್ಲಬೇಕಿತ್ತು. 1968ರಲ್ಲಿ ವೃತ್ತಿಪರರಿಗೆ ಬಾಗಿಲು ತೆರೆದ ಮೇಲೆ ಅಷ್ಟು ವಯಸ್ಸಿನಲ್ಲಿ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದವರು ಬೋಪಣ್ಣ ಒಬ್ಬರೇ. ಅವರಿಗಿಂತ ಮುಂಚೆ ಆ ದಾಖಲೆ ಇದ್ದದ್ದು 2022ರಲ್ಲಿ 40ನೇ ವಯಸ್ಸಿಗೆ ಫ್ರೆಂಚ್ ಓಪನ್ ಗೆದ್ದ ಜೀನ್ ಜೂಲಿಯನ್ ರೋಯರ್ ಹೆಸರಲ್ಲಿ. ಬೋಪಣ್ಣ ಅವರ ಮೊಣಕಾಲುಗಳಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗದ ಮೊರೆಹೋಗಿ, ಆ ಕಾಲುಗಳನ್ನೇ ಪಳಗಿಸಿಕೊಂಡು ಆಡಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ತಲುಪಿ, ಬ್ರಯಾನ್ ಸೋದರರ ಎದುರು ಎರಡು ಟೈಬ್ರೇಕ್‌ಗಳಲ್ಲಿ ಸೋತಿದ್ದರು. ಎರಡು ದೇಶಗಳ ರಾಯಭಾರಿಗಳು ಅಕ್ಕಪಕ್ಕ ಕೂತು ನೋಡಿದ ಪಂದ್ಯ ಅದು. 2017ರಲ್ಲಿ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಸಿಕ್ಕಿತು. ಪುರುಷರ ಡಬಲ್ಸ್ ಮಾತ್ರ ಕೈಗೆ ಬರಲಿಲ್ಲ. 2023ರ ಅಮೆರಿಕನ್ ಓಪನ್‌ನಲ್ಲಿ ಮತ್ತೊಂದು ಫೈನಲ್, ಮತ್ತೊಂದು ಸೋಲು. ಮೆಲ್ಬರ್ನ್‌ನ ಗೆಲುವು ಅವರ 61ನೇ ಪ್ರಯತ್ನ. ಸುಲಭದ ದಾರಿ ಹಿಡಿದವನ ಕಥೆ ಹೀಗಿರುವುದಿಲ್ಲ.

ನಮ್ಮ ದೇಶದ ಟೆನಿಸ್ ಇತಿಹಾಸದಿಂದ ಡಬಲ್ಸ್ ತೆಗೆದುಬಿಟ್ಟರೆ ಉಳಿಯುವುದೇನು? ರಾಮನಾಥನ್ ಕೃಷ್ಣನ್ 1960 ಮತ್ತು 61ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದರು, ಆ ಹಿರಿಮೆ ದೊಡ್ಡದೇ. ಆದರೆ ಹಿರಿಯರ ವಿಭಾಗದಲ್ಲಿ ಭಾರತೀಯರು ಗೆದ್ದ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳೆಲ್ಲ ಡಬಲ್ಸ್‌ನವು. ಲಿಯಾಂಡರ್ ಪೇಸ್ 18, ಮಹೇಶ್ ಭೂಪತಿ 12, ಸಾನಿಯಾ ಮಿರ್ಜಾ 6, ಬೋಪಣ್ಣ 2. 1966ರಲ್ಲಿ ಭಾರತ ಮೊದಲ ಬಾರಿಗೆ ಡೇವಿಸ್ ಕಪ್ ಫೈನಲ್ ಮುಟ್ಟಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಎದುರು 4-1ರಿಂದ ಸೋತಿತು. ಆ ಒಂದು ಯಾವುದು? ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಸೇರಿ ನ್ಯೂಕೋಂಬ್ ಮತ್ತು ಟೋನಿ ರೋಚ್ ಅವರನ್ನು ಸೋಲಿಸಿದ ಡಬಲ್ಸ್. ಸೋತವರು ಹಿಂದಿನ ವರ್ಷದ ವಿಂಬಲ್ಡನ್ ಡಬಲ್ಸ್ ವಿಜೇತರು.

ಬೆಂಗಳೂರಿನವರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ನಡೆದ ಡೇವಿಸ್ ಕಪ್ ಪಂದ್ಯದಲ್ಲಿ ಸರ್ಬಿಯಾ ಮೊದಲ ದಿನವೇ ಎರಡೂ ಸಿಂಗಲ್ಸ್ ಗೆದ್ದುಕೊಂಡಿತ್ತು. ಮಾರನೆಯ ದಿನ ಪೇಸ್ ಮತ್ತು ಬೋಪಣ್ಣ ಮೊದಲ ಎರಡು ಸೆಟ್ ಸೋತರು, ಇನ್ನೊಂದು ಸೆಟ್ ಹೋದರೆ ಎಲ್ಲ ಮುಗಿದಂತೆ. ಅಲ್ಲಿಂದ ಮೂರು ಸೆಟ್ ಗೆದ್ದು, ಕೊನೆಯದನ್ನು 8-6ರಿಂದ ಕಸಿದು, ಭಾರತವನ್ನು ಜೀವಂತ ಇಟ್ಟರು. ಕೊನೆಗೆ ಸರ್ಬಿಯಾ 3-2ರಿಂದ ಗೆದ್ದಿತು. ಆದರೆ ಆ ಪಂದ್ಯ ಐದನೇ ಆಟದವರೆಗೆ ಹೋದದ್ದು ಡಬಲ್ಸ್‌ನಿಂದ. ಅಲ್ಲಿ ಗಂಟಲು ಹರಿಯುವಂತೆ ಕೂಗಿದ ಜನವೇ ನಾಳೆ ಡಬಲ್ಸ್ ತಾನೇ ಎಂದರೆ ನಂಬುವುದು ಹೇಗೆ? ಸಿಂಗಲ್ಸ್ ಬಾರದವರು ಎನ್ನುವವರಿಗೆ 2010ರ ಚೆನ್ನೈ ನೆನಪಿಸಬೇಕು. ಡೇವಿಸ್ ಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಭಾರತ 0-2 ಹಿಂದಿತ್ತು, 2-2ಕ್ಕೆ ತಂದಿತು. ನಿರ್ಣಾಯಕ ಐದನೇ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದವರು ಬೋಪಣ್ಣ.

ಕೊಡಗಿನವರೇ ಆದ ಅಶ್ವಿನಿ ಪೊನ್ನಪ್ಪ ಬ್ಯಾಡ್ಮಿಂಟನ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಾಗಲೂ ಇದೇ ತಾತ್ಸಾರವನ್ನು ಎದುರಿಸಬೇಕಾಯಿತು. ಒಬ್ಬಂಟಿ ವೀರನನ್ನು ಮಾತ್ರ ಪೂಜಿಸುವ ಚಟ ಟೆನಿಸ್‌ಗಷ್ಟೇ ಅಂಟಿಕೊಂಡಿಲ್ಲ.

ಜ್ಞಾನಭಾರತಿಯಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರ ಇಲ್ಲಿಯೇ, ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿದೆ. 41 ವರ್ಷಗಳ ನಂತರ ಒಲಿಂಪಿಕ್ ಪದಕ ತಂದ ಪುರುಷರ ಹಾಕಿ ತಂಡ ಟೋಕಿಯೊಗೆ ಮುಂಚೆ, ಕೊರೊನಾ ಕಾಲದಲ್ಲೂ, ಇಲ್ಲೇ ತಂಗಿ ತಯಾರಾಗಿತ್ತು. ಆ ತಂಡದ ಶ್ರೀಜೇಶ್ ಅವರನ್ನು ಮುಂದೆ ನುಗ್ಗಿ ಗೋಲು ಹೊಡೆಯಲು ಬಾರದೆ ಗೋಲ್ ಕಾಯಲು ನಿಂತವರು ಎಂದು ಯಾರಾದರೂ ಅಂದದ್ದುಂಟೆ? ಗೋಲ್‌ಕೀಪಿಂಗ್ ಬೇರೆ ವಿದ್ಯೆ ಎಂಬುದು ಈ ಭಾಗದ ಶಾಲೆ ಮಕ್ಕಳಿಗೂ ಗೊತ್ತು. ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಕಾಲೇಜು ಕೂಡ ಇದೇ ಆವರಣದಲ್ಲಿದೆ, ನಾಳೆ ನಮ್ಮ ಶಾಲೆ ಕಾಲೇಜುಗಳಲ್ಲಿ ಆಟ ಕಲಿಸುವವರು ಇಲ್ಲಿಂದ ಹೊರಡುತ್ತಾರೆ. ಅವರಿಗೆ ಹಾಕಿಯ ಬಗ್ಗೆ ಇರುವ ಈ ಸಾಮಾನ್ಯ ತಿಳಿವಳಿಕೆ ಟೆನಿಸ್‌ಗೂ ಬೇಕು.

ವಿಜಯನಗರವಿರಲಿ, ಬಸವೇಶ್ವರನಗರವಿರಲಿ, ಬೆಳಗ್ಗೆ ಆರಕ್ಕೆ ಬೆಂಗಳೂರಿನ ಯಾವ ಟೆನಿಸ್ ಕೋರ್ಟಿಗೆ ಹೋದರೂ ದೊಡ್ಡವರು ನಾಲ್ಕು ನಾಲ್ಕು ಜನ ನಿಂತು ಆಡುತ್ತಿರುತ್ತಾರೆ. ಅವರ ಜೀವನದ ಟೆನಿಸ್ ಎಲ್ಲ ಡಬಲ್ಸೇ. ಸಂಜೆ ಅದೇ ಕೋರ್ಟಿಗೆ ಕೋಚಿಂಗ್‌ಗೆಂದು ಮಕ್ಕಳನ್ನು ಕರೆತರುವಾಗ ಅವರೇ ಹೇಳುತ್ತಾರೆ: ಡಬಲ್ಸ್ ಆಮೇಲೆ ನೋಡಿಕೊಂಡರಾಯಿತು, ಈಗ ಸಿಂಗಲ್ಸ್ ಪಾಯಿಂಟ್ಸ್ ಬೇಕು. ಕೋಚ್ ತಲೆಯಾಡಿಸುತ್ತಾನೆ. ಹದಿನಾಲ್ಕರ ಹುಡುಗಿಗೆ ನೆಟ್ ಬಳಿ ಹುಲಿಯಂಥ ಕೈ ಇದ್ದರೂ ಅವಳನ್ನು ಹಿಂದಿನ ಗೆರೆಯಲ್ಲೇ ನಿಲ್ಲಿಸಿ ಫೋರ್‌ಹ್ಯಾಂಡ್ ಹೊಡೆಸುತ್ತಾರೆ. ವಾಲಿ ಕಲಿಸುವುದು ವಾರದ ಕೊನೆಯ ಹತ್ತು ನಿಮಿಷ. ಹದಿನೆಂಟಕ್ಕೆ ಅವಳು ಸಿಂಗಲ್ಸ್‌ನಲ್ಲಿ ಮೇಲೇರದೆ ರಾಕೆಟ್ ಕೆಳಗಿಟ್ಟಾಗ ಅವಳಲ್ಲಿ ದಮ್ಮಿರಲಿಲ್ಲ ಎನ್ನುತ್ತಾರೆ. ಅವಳ ವಿದ್ಯೆ ಯಾವುದೆಂದು ಯಾರೂ ನೋಡಲೇ ಇಲ್ಲ.

ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಜನರಿಗೆ ಜಾಗ. ಡಬಲ್ಸ್‌ನಲ್ಲಿ 64 ಜೋಡಿ, ಅಂದರೆ ಅಲ್ಲೂ 128 ಜನ. ಇಷ್ಟು ವರ್ಷ ನಾವು ಗೆದ್ದದ್ದೆಲ್ಲ ಆ ಎರಡನೆಯ ಬಾಗಿಲಿನಿಂದ. ಪೇಸ್, ಭೂಪತಿ, ಸಾನಿಯಾ, ಬೋಪಣ್ಣ ನಾಲ್ವರೂ ಈಗ ಆಟ ಬಿಟ್ಟಿದ್ದಾರೆ. ಬೋಪಣ್ಣ 2025ರ ನವೆಂಬರ್ 1ರಂದು ವಿದಾಯ ಹೇಳಿದರು. ಮುಂದಿನ ಜೋಡಿಯನ್ನು ತಯಾರು ಮಾಡಬೇಕಾದವರು ಹದಿನಾಲ್ಕರಿಂದಲೇ ಮಕ್ಕಳನ್ನು ಜೋಡಿ ಕಟ್ಟಿ ಆಡಿಸಲಿ, ವಾರಕ್ಕೆ ಎರಡು ದಿನ ನೆಟ್ಟಿನ ಬಳಿಯ ಆಟಕ್ಕೇ ಮೀಸಲಿಡಲಿ, ರಾಜ್ಯಮಟ್ಟದ ಟೂರ್ನಿಗಳಲ್ಲಿ ಡಬಲ್ಸ್ ಗೆದ್ದವರಿಗೆ ಸಿಂಗಲ್ಸ್ ಗೆದ್ದವರಷ್ಟೇ ಬಹುಮಾನ ಕೊಡಲಿ, ಡಬಲ್ಸ್ ಫೈನಲ್ ಅನ್ನು ಖಾಲಿ ಕುರ್ಚಿಗಳ ಮುಂದೆ ಮಧ್ಯಾಹ್ನದ ಬಿಸಿಲಿಗೆ ತಳ್ಳದೆ ಮುಖ್ಯ ಕೋರ್ಟಿನಲ್ಲಿ ಸಂಜೆ ಆಡಿಸಲಿ. ಕೋಚಿಂಗ್ ಶುಲ್ಕ ಕಟ್ಟುವ ಅಪ್ಪ ಅಮ್ಮಂದಿರು ಸೇರುವ ದಿನವೇ ಕೋಚ್‌ನನ್ನು ಕೇಳಲಿ: ನಮ್ಮ ಮಗುವಿನ ಜೊತೆಗಾರ ಯಾರು?